ಸಭೆಯಲ್ಲಿಲ್ಲದ ಶ್ರೋತೃ

ಶಿಲ್ಪಿ ಹೋದ ಮೇಲೂ ಶಿಲ್ಪ ಉಳಿಯುತ್ತದೆ. ಬೇಲೂರಿನ ಮದನಿಕೆಯರನ್ನು ಕೆತ್ತಿದ ಕೈಗಳು ಮಣ್ಣಾಗಿ ಎಷ್ಟೋ ಶತಮಾನಗಳು ಉರುಳಿದುವು. ಆದರೂ ದರ್ಪಣಸುಂದರಿ ಕನ್ನಡಿಯಿಂದ ಕಣ್ಣು ತೆಗೆದಿಲ್ಲ. ಸಂಗೀತದ ಪಾಡು ಹಾಗಲ್ಲ. ಕಛೇರಿ ಮುಗಿಯಿತು, ಶ್ರೋತೃಗಳು ಎದ್ದರು, ದೀಪ ಆರಿಸಿದರು ಎಂದರೆ ಅಲ್ಲಿಗೆ ಅದರ ಆಯುಸ್ಸು ತೀರಿತು. ಯಾರೋ ಪುಣ್ಯಾತ್ಮರು ಅದನ್ನು ಹಿಡಿದಿಟ್ಟರೆ ಮಾತ್ರ ಮುಂದಿನವರಿಗೆ ಉಂಟು, ಇಲ್ಲವಾದರೆ ಇಲ್ಲ.

ಗರುಡಾಚಾರ್‌ಪಾಳ್ಯದ ನಿಲ್ದಾಣದಲ್ಲಿ ಬೆಳಗಿನ ಮೆಟ್ರೊ ಹತ್ತುವ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಕಿವಿಗೆ ತಂತಿ ಸಿಕ್ಕಿಸಿಕೊಂಡು, ಅಂಗೈಯಗಲದ ತೆರೆಯ ಮೇಲೆ ಹಳೆಯ ರಾಕ್ ಮೇಳಗಳ ಕಛೇರಿಗಳನ್ನು ನೋಡುತ್ತ ಬರುವುದುಂಟು. ಅವುಗಳಲ್ಲೊಂದು ಲೆಡ್ ಜೆಪೆಲಿನ್ ಎಂಬ ಮೇಳದವರು 1970ನೆಯ ಇಸವಿ ಜನವರಿ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಸಿದ ಕಛೇರಿ. ಗಿಟಾರು ನುಡಿಸಿದ ಜಿಮ್ಮಿ ಪೇಜ್‌ಗೆ ಅಂದಿಗೆ ಸರಿಯಾಗಿ ಇಪ್ಪತ್ತಾರು ವರ್ಷ ತುಂಬಿತ್ತು. ಅಂದು ತೆಗೆದ ಚಿತ್ರಸುರುಳಿಗಳು ಬಹುಕಾಲ ಮೂಲೆಯಲ್ಲಿದ್ದು, ಕೊನೆಗೆ 2003ರಲ್ಲಿ ಶುದ್ಧಗೊಂಡು ಹೊರಬಂದುವು. ಡೋಲು ಬಾರಿಸಿದ ಜಾನ್ ಬಾನಮ್ 1980ರಲ್ಲೇ ತೀರಿಕೊಂಡಿದ್ದರು. ಆದರೂ ಆ ಸುರುಳಿಗಳಲ್ಲಿ ಅವರ ತೋಳು ಇಂದಿಗೂ ದಣಿದಿಲ್ಲ.

ಅದೇ ಸಭಾಂಗಣದಲ್ಲಿ, ಅದಕ್ಕೆ ಇಪ್ಪತ್ತು ವರ್ಷ ಮೊದಲು, ಇನ್ನೊಂದು ಕಛೇರಿ ನಡೆಯಿತು. ಅದನ್ನೂ ಹಿಡಿದಿಟ್ಟರು. ಹಾಗೆ ಹಿಡಿದಿಡಲು ಹಣವೊದಗಿಸಿದವರು ಅಂದು ಆ ಸಭೆಯಲ್ಲಿ ಇರಲಿಲ್ಲ. ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿದ್ದರು. ಅವರೇ ಶ್ರೀ ಜಯಚಾಮರಾಜೇಂದ್ರ ಒಡೆಯರು. ಬೆಂಗಳೂರಿನ ರಸ್ತೆಯೊಂದಕ್ಕೂ ಪಾಲಿಟೆಕ್ನಿಕ್ ಒಂದಕ್ಕೂ ಅವರ ಹೆಸರಿರುವುದರಿಂದ ಆ ಹೆಸರು ನಮ್ಮ ನಾಲಿಗೆಗೆ ಹೊಸದಲ್ಲ. ಹೆಸರಿನ ಹಿಂದಿದ್ದ ಮನುಷ್ಯನನ್ನು ಮಾತ್ರ ನಾವು ಅಷ್ಟಾಗಿ ಬಲ್ಲವರಲ್ಲ. ಅವರನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮತ್ತು ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಏಕಮಾತ್ರ ಪುತ್ರರಾಗಿ ಜಯಚಾಮರಾಜರು 1919ನೆಯ ಇಸವಿ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ಆಗ ಪಟ್ಟದಲ್ಲಿದ್ದವರು ಅವರ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲವಾದುದರಿಂದ ಮುಂದೊಂದು ದಿನ ಸಿಂಹಾಸನ ಈ ಬಾಲಕನಿಗೇ ಬರತಕ್ಕದ್ದೆಂಬುದು ಎಲ್ಲರಿಗೂ ತಿಳಿದಿದ್ದ ವಿಷಯ. ಆದರೂ ನಡುವೆ ತಂದೆಯವರು ಇದ್ದರು. ಆ ದಿನ ಬಹುದೂರವಿದೆಯೆಂದೇ ಎಲ್ಲರೂ ಬಗೆದಿದ್ದರು.

ಅರಮನೆಯಲ್ಲಿ ಆಗ ಎರಡು ಸಂಗೀತಗಳೂ ಒಂದೇ ಸೂರಿನಡಿ ಬಾಳುತ್ತಿದ್ದುವು. ಒಂದು ಕಡೆ ಮೈಸೂರು ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಮೊದಲಾದ ಆಸ್ಥಾನ ವಿದ್ವಾಂಸರು. ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು, ಪಿಯಾನೊ, ಆರ್ಗನ್. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಇಂಥ ಮನೆಯಲ್ಲಿ ಬೆಳೆದ ಬಾಲಕನ ಬೆರಳು ಮೊದಲು ಒಲಿದುದು ಪಿಯಾನೊವಿಗೆ. ಆ ಒಲವು ರಾಜಕುಮಾರರ ಹವ್ಯಾಸದ ಮಟ್ಟಕ್ಕೆ ನಿಲ್ಲಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, 1938ರಲ್ಲಿ ಚಿನ್ನದ ಪದಕಗಳೊಡನೆ ಪದವಿ ಪಡೆದ ಅವರು, ಪಾಶ್ಚಾತ್ಯ ಸಂಗೀತದಲ್ಲಿಯೂ ಕ್ರಮವಾದ ಶಿಕ್ಷಣ ಹೊಂದಿ, ಲಂಡನ್ನಿನ ಗಿಲ್ಡ್‌ಹಾಲ್ ಮತ್ತು ಟ್ರಿನಿಟಿ ಸಂಗೀತ ಶಾಲೆಗಳ ಮನ್ನಣೆ ಗಳಿಸಿದರು. ಸಾರ್ವಜನಿಕ ವೇದಿಕೆಯ ಮೇಲೆ ಪಿಯಾನೊ ವಾದಕನಾಗಬೇಕೆಂಬುದು ಅವರ ಆಸೆಯಾಗಿತ್ತು.

1939ರಲ್ಲಿ ಅವರು ಯೂರೋಪಿನ ಪ್ರವಾಸ ಮಾಡಿ ಬಂದರು. ಮರುವರ್ಷವೇ ವಿಧಿ ಬೇರೆ ದಾರಿಯನ್ನು ತೋರಿಸಿತು. 1940ನೆಯ ಇಸವಿ ಮಾರ್ಚ್ 11ರಂದು ತಂದೆಯವರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವುದರೊಳಗೆ, ಆಗಸ್ಟ್ 3ರಂದು, ನಾಲ್ವಡಿಯವರೂ ದಿವಂಗತರಾದರು. ಸೆಪ್ಟೆಂಬರ್ 8ರಂದು ಜಯಚಾಮರಾಜರಿಗೆ ಪಟ್ಟಾಭಿಷೇಕವಾಯಿತು. ಅವರಿಗೆ ಆಗ ಇಪ್ಪತ್ತೊಂದು ವರ್ಷ. ನಮ್ಮಲ್ಲಿ ಹಲವರು ಅಂತಿಮ ವರ್ಷದ ಪರೀಕ್ಷೆ ಬರೆಯುವ ವಯಸ್ಸು ಅದು. ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು. ಮಹಾರಾಜರಾದವರು ಟಿಕೇಟು ಕೊಂಡು ಬಂದ ಸಭಿಕರ ಮುಂದೆ ಪಿಯಾನೊ ನುಡಿಸುವುದುಂಟೆ?

ಪಟ್ಟವೇರಿದ ಕಾಲ ಸುಗಮವಾದುದಲ್ಲ. ಎರಡನೆಯ ಮಹಾಯುದ್ಧದ ಬಿಸಿ ಸಂಸ್ಥಾನಕ್ಕೂ ತಟ್ಟಿತ್ತು. ಜವಾಬ್ದಾರಿ ಸರ್ಕಾರ ಬೇಕೆಂಬ ಜನರ ಕೂಗು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. 1947ನೆಯ ಇಸವಿ ಜುಲೈ 26ರಂದು ಬ್ರಿಟಿಷರ ಕೈಯಲ್ಲಿದ್ದ ಬೆಂಗಳೂರಿನ ದಂಡು ಪ್ರದೇಶ ಮೈಸೂರಿಗೆ ಹಿಂದಿರುಗಿತು. ಹಲಸೂರು, ಇಂದು ಶಿವಾಜಿನಗರವೆನಿಸಿರುವ ಪೇಟೆ, ಇವೆಲ್ಲ ಅಂದು ನಮ್ಮ ಸಂಸ್ಥಾನಕ್ಕೆ ಮರಳಿ ಸೇರಿದುವು. ಆಗಸ್ಟ್ 9ರಂದು ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜನಪ್ರತಿನಿಧಿಗಳಿಗೆ ಅಧಿಕಾರ ಬಿಟ್ಟುಕೊಡುವುದರಲ್ಲಿ ವಿಳಂಬವಾಯಿತು. ಮೈಸೂರು ಚಲೋ ಚಳವಳಿ ಎದ್ದಿತು. ವಿದ್ಯಾರ್ಥಿಗಳೂ ಕಾರ್ಮಿಕರೂ ರೈತರೂ ಬೀದಿಗಿಳಿದರು; ಬಂಧನಗಳಾದುವು, ಗೋಲೀಬಾರೂ ಆಯಿತು. ಕೊನೆಗೆ ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಕೆ. ಚೆಂಗಲರಾಯ ರೆಡ್ಡಿಯವರ ನಾಯಕತ್ವದಲ್ಲಿ ಮಂತ್ರಿಮಂಡಲ ರಚಿತವಾಯಿತು. ಈ ವಿಳಂಬವನ್ನು ಮರೆಮಾಚಿ ಮಹಾರಾಜರ ಜೀವನವನ್ನು ಬರೆಯುವುದು ನ್ಯಾಯವಲ್ಲ.

ಇಷ್ಟೆಲ್ಲದರ ನಡುವೆ ಅವರ ಪಿಯಾನೊ ಏನಾಯಿತು? ತಾವು ನುಡಿಸಲಾಗದುದನ್ನು ನುಡಿಸಬಲ್ಲವರಿಂದ ನುಡಿಸಿ, ಅದನ್ನು ಅಳಿಯದಂತೆ ಮಾಡುವ ಕೆಲಸಕ್ಕೆ ಅವರು ಕೈಹಾಕಿದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರರು 1880ರಲ್ಲಿ ಮಾಸ್ಕೊ ನಗರದಲ್ಲಿ ಹುಟ್ಟಿ, ಕ್ರಾಂತಿಯ ಅನಂತರ ಸ್ವದೇಶವನ್ನು ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ರಚನೆಗಳಲ್ಲಿ ಬಹುಪಾಲು ಪಿಯಾನೊವಿಗಾಗಿಯೇ ಇದ್ದುವು. ಹೊಸ ಹೊಸ ಪ್ರಯೋಗಗಳ ಆ ಕಾಲದಲ್ಲಿ ಅವರದು ಹಳೆಯ ಮಾದರಿಯೆಂದು ಕೇಳುವವರು ಕಡಮೆಯಾಗಿದ್ದರು. ವಯಸ್ಸಾಗಿತ್ತು, ಹೃದಯರೋಗವಿತ್ತು, ಹಣವಿರಲಿಲ್ಲ. ಮುಖ ನೋಡದ ಈ ವೃದ್ಧರ ಸಂಗೀತವನ್ನು ಮೈಸೂರಿನ ತರುಣ ಮಹಾರಾಜರು ಮೆಚ್ಚಿದ್ದರು. ಅವರ ರಚನೆಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವುದಕ್ಕಾಗಿ ಮೆಟ್ನರ್ ಸೊಸೈಟಿಯೆಂಬ ಸಂಸ್ಥೆಗೆ ಹಣವೊದಗಿಸಿದರು. ಪಿಯಾನೊ ಮತ್ತು ದೊಡ್ಡ ವಾದ್ಯಮೇಳಕ್ಕೆಂದು ಮೆಟ್ನರರು ರಚಿಸಿದ್ದ ಮೂರು ಕೃತಿಗಳೂ 1947ರಲ್ಲಿ ಫಿಲ್‌ಹಾರ್ಮೋನಿಯ ಮೇಳದೊಡನೆ ಮುದ್ರಣಗೊಂಡುವು. ಮೂರನೆಯದನ್ನು ಅವರು ಕೃತಜ್ಞತೆಯಿಂದ ಮಹಾರಾಜರಿಗೇ ಅರ್ಪಿಸಿದರು. 1951ರ ನವೆಂಬರಿನಲ್ಲಿ ಮೆಟ್ನರರು ಕಾಲವಾದರು. ನಾಲ್ಕು ವರ್ಷ ತಡವಾಗಿದ್ದರೆ ಆ ಕೃತಿಗಳು ಅವರ ಕೈಯಿಂದ ಹೇಗೆ ಹೊಮ್ಮುತ್ತಿದ್ದುವೆಂಬುದು ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ.

ಈ ಫಿಲ್‌ಹಾರ್ಮೋನಿಯ ಮೇಳವನ್ನು 1945ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕರು. ಯುದ್ಧದಿಂದ ನಲುಗಿದ್ದ ಇಂಗ್ಲೆಂಡಿನಲ್ಲಿ ಅಂಥ ಮೇಳವನ್ನು ಸಾಕುವುದು ಆನೆಯನ್ನು ಸಾಕಿದಂತೆ. 1948ರಲ್ಲಿ ಜಯಚಾಮರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ಮರುವರ್ಷ ಲೆಗ್ ಅವರು ಮಹಾರಾಜರ ಅತಿಥಿಯಾಗಿ ಮೈಸೂರಿಗೆ ಬಂದರು. ಅರಮನೆಯಲ್ಲಿ ಅವರು ಕಂಡುದು ಗ್ರಾಮಾಫೋನು ತಟ್ಟೆಗಳ ಒಂದು ಭಂಡಾರವನ್ನೇ. ಜೊತೆಗೆ ಹಲವು ಪಿಯಾನೊಗಳು, ಬಗೆಬಗೆಯ ಧ್ವನಿವರ್ಧಕಗಳು. ಮಹಾರಾಜರು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳಂತೆ ಆ ಮೇಳಕ್ಕೆ ಸಹಾಯ ಮಾಡಲು ಒಪ್ಪಿದರು. ಅವರದೊಂದು ಅಪೇಕ್ಷೆಯಿತ್ತು. ಎಲ್ಲರೂ ಮುದ್ರಿಸುವ ಪ್ರಸಿದ್ಧ ಕೃತಿಗಳ ಜೊತೆಗೆ, ಯಾರೂ ಮುಟ್ಟದ ಒಳ್ಳೆಯ ಕೃತಿಗಳೂ ತಟ್ಟೆಗೆ ಇಳಿಯಬೇಕು. 1949ರಲ್ಲಿ ಕಾರಾಯನ್ನರ ನಿರ್ದೇಶನದಲ್ಲಿ ಅದೇ ಮೇಳ ರಷ್ಯದ ಬಲಾಕಿರೆವ್ ಅವರ ಮೊದಲನೆಯ ಸಿಂಫೊನಿಯನ್ನು ಮುದ್ರಿಸಿದುದು ಈ ನೆರವಿನ ಫಲ.

ಈಗ ನಾನು ಆರಂಭದಲ್ಲಿ ಹೇಳಿದ ಕಛೇರಿಗೆ ಬರುತ್ತೇನೆ. ಜರ್ಮನಿಯ ಹಿರಿಯ ವಾಗ್ಗೇಯಕಾರರಾದ ರಿಚರ್ಡ್ ಸ್ಟ್ರಾಸ್ ಅವರು ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ಒಂಟಿ ಗಾಯಕಿಗೂ ದೊಡ್ಡ ವಾದ್ಯಮೇಳಕ್ಕೂ ಹೊಂದುವಂತೆ ನಾಲ್ಕು ಗೀತೆಗಳನ್ನು ರಚಿಸಿದರು. ಹೆರ್ಮನ್ ಹೆಸ್ಸೆಯವರ ಮೂರು ಕವನಗಳು, ಐಖೆನ್‌ಡಾರ್ಫ್ ಅವರದೊಂದು. ಬದುಕಿನ ದಾರಿಯನ್ನು ಕೈಹಿಡಿದು ನಡೆದ ವೃದ್ಧ ದಂಪತಿಗಳು ಸಂಜೆಗೆಂಪಿನಲ್ಲಿ ನಿಂತು ಕತ್ತಲೆಯನ್ನು ಎದುರು ನೋಡುವ ಚಿತ್ರ ಆ ಕೊನೆಯ ಕವನದ್ದು. ಹಾಡುವುದಕ್ಕೆ ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ ಆಗಬೇಕೆಂದು ಸ್ಟ್ರಾಸರು ಕೋರಿದ್ದರು. ಆದರೆ ಕೇಳುವ ಭಾಗ್ಯ ಅವರಿಗೆ ಬರಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಮೊದಲ ಪ್ರಯೋಗ 1950ನೆಯ ಇಸವಿ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದವರು ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್, ನುಡಿಸಿದುದು ಫಿಲ್‌ಹಾರ್ಮೋನಿಯ ಮೇಳ. ಈ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಜಯಚಾಮರಾಜರು. ಅಂದಿನ ಲೆಕ್ಕದಲ್ಲಿ ಅದು ಇಪ್ಪತ್ತೆರಡು ಸಾವಿರ ರೂಪಾಯಿಗಳಿಗೂ ಮಿಗಿಲು. ತಾವು ಹೋಗಲು ಸಾಧ್ಯವಿಲ್ಲದುದರಿಂದ ಗೀತೆಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಅವರ ಉದ್ದೇಶವಾಗಿತ್ತು. ಅವರ ಸಂಗ್ರಹದಲ್ಲಿ ಆ ವೇಳೆಗೆ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು. ಹೀಗೆ, ರಚಿಸಿದವರೂ ಇಲ್ಲದ, ಪೋಷಕರೂ ಇಲ್ಲದ ಸಭೆಯಲ್ಲಿ ಆ ಗೀತೆಗಳು ಮೊದಲ ಬಾರಿಗೆ ಕೇಳಿಬಂದುವು. ಒಬ್ಬರನ್ನು ತಡೆದುದು ಸಾವು, ಇನ್ನೊಬ್ಬರನ್ನು ದೂರ.

ಅಂದು ಮುದ್ರಿಸಿದ ಬಗೆಯನ್ನು ಸ್ವಲ್ಪ ತಿಳಿಯಬೇಕು. ಅಂಗಡಿಯಲ್ಲಿ ಮಾರುವ ತಟ್ಟೆಗಳಿಗೆ ಲೋಹದ ಅಚ್ಚು ಇರುತ್ತಿತ್ತು; ಒಂದು ಸವೆದರೆ ಇನ್ನೊಂದನ್ನು ಒತ್ತಬಹುದು. ಕಛೇರಿ ನಡೆಯುತ್ತಿರುವಾಗಲೇ ಕೊರೆಯುವ ತಟ್ಟೆಗಳು ಬೇರೆ ಬಗೆಯವು. ಅಲ್ಯೂಮಿನಿಯಮ್ ಹಲಗೆಯ ಮೇಲೆ ಮೆರುಗೆಣ್ಣೆಯಂಥ ಮೆದುವಾದ ಲೇಪವಿರುತ್ತದೆ. ಸೂಜಿ ಆ ಲೇಪದಲ್ಲಿ ನೇರವಾಗಿ ಗೆರೆ ಕೊರೆಯುತ್ತ ಹೋಗುತ್ತದೆ. ಆಮೇಲೆ ಕೇಳಲೆಂದು ಮುಳ್ಳನ್ನು ಇಟ್ಟಾಗಲೆಲ್ಲ ಆ ಗೆರೆ ಕೊಂಚ ಕೊಂಚವೇ ಸವೆಯುತ್ತದೆ. ಅಂದರೆ, ಪ್ರೀತಿಯಿಂದ ಮತ್ತೆ ಮತ್ತೆ ಕೇಳಿದಷ್ಟೂ ಅದು ಬೇಗ ನಾಶವಾಗುತ್ತದೆ. ಈ ಕಛೇರಿಯ ತಟ್ಟೆಗಳಿಗೂ ಹಾಗೆಯೇ ಆಯಿತು. ಮುಂದೆ ಅವನ್ನು ದೊಡ್ಡ ತಟ್ಟೆಗೆ ಇಳಿಸಿ ಪ್ರಕಟಿಸಿದಾಗ ಹಾಡಿಗಿಂತ ಕರಕರ ಶಬ್ದವೇ ಮುಂದಾಗಿತ್ತೆಂದು ರಸಿಕರು ಬೇಸರಪಟ್ಟರು. 2007ರಲ್ಲಿಯೂ 2014ರಲ್ಲಿಯೂ ತಜ್ಞರು ಗಣಕಯಂತ್ರದ ನೆರವಿನಿಂದ ಅದನ್ನು ಶುದ್ಧಗೊಳಿಸಿದರು. ಈಗ ಕೇಳಿದರೆ, ಮಂಜಿನ ಆಚೆಯಿಂದ ಬಂದಂತೆ, ಆ ಧ್ವನಿ ಕೇಳಿಸುತ್ತದೆ. ಗೀತೆಗಳನ್ನು ಅಂದು ಹಾಡಿದ ಕ್ರಮವೇ ಬೇರೆ, ಪುಸ್ತಕದಲ್ಲಿ ಅಚ್ಚಾದ ಕ್ರಮವೇ ಬೇರೆ. ಇಂಥ ಸೂಕ್ಷ್ಮಗಳನ್ನು ನಾವು ಇಂದು ಕಿವಿಯಾರೆ ಕೇಳಿ ತಿಳಿಯಲು ಆ ಸವೆದ ತಟ್ಟೆಗಳು ಬೇಕಾದುವು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ನಮ್ಮ ರಾಜ್ಯದ ಹಣ ಲಂಡನ್ನಿನ ವಾದ್ಯಗಾರರಿಗೆ ಏಕೆ? ನಮ್ಮ ಹಳ್ಳಿಗಳಲ್ಲಿ ಶಾಲೆಯಿಲ್ಲದ, ಆಸ್ಪತ್ರೆಯಿಲ್ಲದ ಕಾಲದಲ್ಲಿ ಸಾವಿರಾರು ಪೌಂಡುಗಳನ್ನು ಹೊರದೇಶದ ಸಂಗೀತಕ್ಕೆ ಸುರಿದುದು ದೊರೆಗಳ ಶೋಕಿಯಲ್ಲವೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ದೊರೆಯ ಹಣವೂ ಮೂಲದಲ್ಲಿ ಪ್ರಜೆಯ ಬೆವರೇ. ಆ ತಟ್ಟೆಗಳನ್ನು ಅಂದಿನ ಮೈಸೂರಿನ ಜನಸಾಮಾನ್ಯರು ಕೇಳಿದವರೂ ಅಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದುದೂ ಉಂಟು. ಬೇಟೆಗೂ ಕುದುರೆ ಜೂಜಿಗೂ ವಜ್ರ ವೈಡೂರ್ಯಕ್ಕೂ ಹಣ ಸುರಿದ ಅರಸರು ಆ ಕಾಲದಲ್ಲಿ ಕಡಮೆಯಿರಲಿಲ್ಲ. ಆ ಖರ್ಚಿನಿಂದ ಲೋಕಕ್ಕೆ ಉಳಿದುದೇನು? ಇವರ ಖರ್ಚಿನಿಂದ ಒಬ್ಬ ನಿರ್ಗತಿಕ ಕಲಾವಿದರ ಜೀವಮಾನದ ಸಾಧನೆ ಉಳಿಯಿತು. ಒಂದು ಮಹತ್ತ್ವದ ಸಂಜೆ ಉಳಿಯಿತು. ಅದು ಇಂದು ಯಾವ ಅರಮನೆಯ ಸೊತ್ತೂ ಅಲ್ಲ. ಗರುಡಾಚಾರ್‌ಪಾಳ್ಯದ ಬಡ ವಿದ್ಯಾರ್ಥಿಯೂ ಬೇಕೆಂದರೆ ಕೇಳಬಹುದು. ಲೆಕ್ಕ ಸರಿಹೋಯಿತೇ ಇಲ್ಲವೇ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಪರದೇಶದ ಸಂಗೀತವನ್ನು ಒಲಿದವರು ನಮ್ಮದನ್ನು ಮರೆತರೆಂದು ತಿಳಿಯಬಾರದು. ಪಟ್ಟಕ್ಕೆ ಬಂದ ಮೇಲೆ ಅವರು ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಶ್ರೀವಿದ್ಯೋಪಾಸನೆಯಲ್ಲಿ ದೀಕ್ಷೆ ಪಡೆದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸಿದರು. ತೊಂಬತ್ತನಾಲ್ಕು ಕೃತಿಗಳು ಇಂದು ನಮಗೆ ದೊರೆತಿವೆ. ಅವುಗಳಲ್ಲಿ ಹಲವು ಅಪೂರ್ವ ರಾಗಗಳಲ್ಲಿವೆ. ಪಿಯಾನೊ ವಾದಕನಾಗುವ ಆಸೆ ಕೈಗೂಡದವರಲ್ಲಿ ಒಬ್ಬ ವಾಗ್ಗೇಯಕಾರ ಹೀಗೆ ಹುಟ್ಟಿದನು. ಋಗ್ವೇದವನ್ನು ಕನ್ನಡ ವಿವರಣೆಯೊಡನೆ ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಹೊರತರಿಸಿದುದೂ ಅವರೇ. ಅಳಿದುಹೋಗಬಹುದಾದುದನ್ನು ಹಿಡಿದಿಡಬೇಕೆಂಬ ಒಂದೇ ಬುದ್ಧಿ ಅಲ್ಲಿಯೂ ಇಲ್ಲಿಯೂ ಕೆಲಸ ಮಾಡಿತೆಂದು ನನಗೆ ತೋರುತ್ತದೆ.

ಅವರ ಕೈಯಿಂದ ಒಂದೊಂದಾಗಿ ಜಾರಿಹೋದುವು ಎಷ್ಟೋ. 1950ನೆಯ ಇಸವಿ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಮಹಾರಾಜರು ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ರಾಜಪ್ರಮುಖ ಪದವಿಯೂ ಹೋಗಿ, ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. 1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಅವರಿಗೆ ಫೆಲೋ ಎಂಬ ತನ್ನ ಅತ್ಯುಚ್ಚ ಗೌರವವನ್ನು ಸಲ್ಲಿಸಿತು. 1971ರಲ್ಲಿ ರಾಜಧನವೂ ಅರಸರ ಬಿರುದುಗಳೂ ರದ್ದಾದುವು. 1974ನೆಯ ಇಸವಿ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು ಐವತ್ತೈದು ಮಾತ್ರ.

ಆ ಅರಮನೆಯ ಮೈದಾನದ ಕಥೆ ಮುಂದೆ ವಿಚಿತ್ರವಾಗಿ ಬೆಳೆಯಿತು. 2002ರಲ್ಲಿ ಪಿಂಕ್ ಫ್ಲಾಯ್ಡ್ ಮೇಳದಲ್ಲಿದ್ದ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಅಲ್ಲಿ ಬಂದು ಹಾಡಿದರು. ಸಾವಿರಾರು ತರುಣರು ನೆರೆದರು. ಮಹಾರಾಜರು ಇದ್ದಿದ್ದರೆ ಆ ಅಬ್ಬರವನ್ನು ಮೆಚ್ಚುತ್ತಿದ್ದರೋ ಕಿವಿ ಮುಚ್ಚಿಕೊಳ್ಳುತ್ತಿದ್ದರೋ ಹೇಳುವುದು ನಮ್ಮಿಂದಾಗದು. ಒಂದು ಮಾತನ್ನು ಮಾತ್ರ ಅವರ ಜೀವನವೇ ಹೇಳುತ್ತದೆ: ಚೆನ್ನಾಗಿದ್ದರೆ ಮುದ್ರಿಸಿಡಿ, ಇಂದು ಇಲ್ಲದವರು ನಾಳೆ ಕೇಳಲಿ.

ಮಿತ್ರರೇ, ಅಂದು ಒಂದು ಸಂಜೆಯ ಹಾಡನ್ನು ಹಿಡಿದಿಡಲು ಒಬ್ಬ ಮಹಾರಾಜನ ಬೊಕ್ಕಸ ಬೇಕಾಗಿತ್ತು. ಇಂದು ಆ ಯಂತ್ರ ನಮ್ಮೆಲ್ಲರ ಜೇಬಿನಲ್ಲಿದೆ. ಲಂಡನ್ನಿನ 1970ನೆಯ ಇಸವಿಯ ಕಛೇರಿಯನ್ನು ನೋಡಿ ನಾವು ಬೆರಗಾಗುತ್ತೇವೆ, ಒಳ್ಳೆಯದು. ಆದರೆ ನಮ್ಮ ಸುತ್ತಲಿನ ಹಳ್ಳಿಗಳು ಬಡಾವಣೆಗಳಾಗಿ ಕರಗುತ್ತಿರುವಾಗ, ಊರಹಬ್ಬದಲ್ಲಿ ತಮಟೆ ಬಾರಿಸುವ ಮುದುಕನ ಕೈಚಳಕವನ್ನು, ರಾಗಿ ಬೀಸುವ ಪದಗಳನ್ನು ಇನ್ನೂ ಬಲ್ಲ ಅಜ್ಜಿಯ ಕಂಠವನ್ನು ಹಿಡಿದಿಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಹಿಡಿದರೂ ಜೋಪಾನವಾಗಿ ಇಟ್ಟವರು ಎಷ್ಟು ಮಂದಿ? ಐವತ್ತು ವರ್ಷಗಳ ಮೇಲೆ ಅದನ್ನು ಕೇಳಲು ಕಾದಿರುವವರು ಇಂದಿನ ಸಭೆಯಲ್ಲಿ ಇಲ್ಲ. ಅವರ ಪರವಾಗಿ ನಾವು ಖಾತರಿ ನಿಲ್ಲಬೇಕು.